ಬರೆಯುವವನಿಲ್ಲದ ಹಣೆಬರಹ

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ದರ ಜಿಗಿದರೂ ಕುಸಿದರೂ ವ್ಯಾಪಾರಿ ಬೆರಳು ತೋರಿಸುವುದು ಲಾಸಲಗಾಂವ್ ಕಡೆಗೆ. ನಾಸಿಕ್ ಜಿಲ್ಲೆಯ ಆ ಪೇಟೆಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ವ್ಯಾಪಾರಿಗಳ ಗುಂಪು ರಾಶಿಯಿಂದ ರಾಶಿಗೆ ಸರಿಯುತ್ತ ಹರಾಜು ಕೂಗುತ್ತದೆ, ಬೆಳೆದವನು ನೋಡುತ್ತ ನಿಂತಿರುತ್ತಾನೆ. 2023ರ ಡಿಸೆಂಬರಿನಲ್ಲಿ ದಿಲ್ಲಿ ರಫ್ತನ್ನೇ ನಿಲ್ಲಿಸಿತು. ಅವನನ್ನು ಯಾರೂ ಕೇಳಲಿಲ್ಲ. ಅಂಥವನು ‘ಎಲ್ಲಾ ಹಣೆಬರಹ’ ಎಂದರೆ ಬೈಯಲಾದೀತೆ?

ಹಣೆಬರಹಕ್ಕೆ ಬ್ರಹ್ಮ ಬೇಕೇಬೇಕು ಅಂದುಕೊಂಡಿದ್ದೇವೆ. ಬೇಕಿಲ್ಲ ಎಂದವನು ಮಕ್ಖಲಿ ಗೋಸಾಲ, ಬುದ್ಧ ಮಹಾವೀರರ ಕಾಲದವನು, ಆಜೀವಿಕರ ಗುರು. ನಡೆಸುವ ದೇವರನ್ನು ಬಿಟ್ಟ, ನಿಯತಿಯನ್ನು ಮಾತ್ರ ಇಟ್ಟುಕೊಂಡ. ಅವನ ಶಿಷ್ಯ ಸದ್ದಾಲಪುತ್ತನೆಂಬ ಕುಂಬಾರನ ಕಥೆ ಜೈನರ ‘ಉವಾಸಗದಸಾಓ’ ಗ್ರಂಥದಲ್ಲಿದೆ. ಮಹಾವೀರ ಕೇಳುತ್ತಾನೆ: ಈ ಮಡಕೆಗಳು ನಿನ್ನ ಪ್ರಯತ್ನದಿಂದ ಆದವೋ, ತಾವಾಗಿಯೋ? ಪ್ರಯತ್ನ ಗಿಯತ್ನ ಎಲ್ಲಿಯದು, ಎಲ್ಲ ಮೊದಲೇ ಗೊತ್ತಾದದ್ದು ಅನ್ನುತ್ತಾನೆ ಕುಂಬಾರ. ಸರಿ, ಯಾವನೋ ಬಂದು ಮಡಕೆ ಒಡೆದರೆ, ನಿನ್ನ ಹೆಂಡತಿಯ ಮೈಮೇಲೆ ಕೈಹಾಕಿದರೆ? ಬಿಡುತ್ತೇನೆಯೇ, ಹೊಡೆದುಹಾಕುತ್ತೇನೆ! ಎಲ್ಲ ಗೊತ್ತಾದದ್ದೇ ಆದರೆ ಪಾಪ ಅವನ ತಪ್ಪೇನು? ಕುಂಬಾರ ಪಕ್ಷ ಬದಲಿಸಿದ. ಕಥೆ ಗೆದ್ದವರ ಪುಸ್ತಕದಲ್ಲಿದೆ ಎಂಬುದು ನಿಜ. ಆದರೂ ನನಗೆ ಗೊತ್ತಿರುವ ತರ್ಕಗಳಲ್ಲಿ ಇಷ್ಟು ಮೈಗೆ ತಾಗುವಂಥದ್ದು ಕಡಿಮೆ. ಈ ವಾದದ ಎರಡೂ ಕಡೆ ಸೃಷ್ಟಿಕರ್ತನಿಲ್ಲ ಎಂಬುದೇ ಸ್ವಾರಸ್ಯ.

ದೇವರು ಹೋದರೆ ಉಳಿಯುವುದು ಜಡ, ಜಡದಲ್ಲಿ ಸ್ವಂತ ಇಚ್ಛೆಗೆ ಜಾಗವಿಲ್ಲ ಎಂಬ ಮಾತನ್ನು 1770ರಲ್ಲಿ ಫ್ರಾನ್ಸಿನಲ್ಲಿ ದೋಲ್‌ಬಾಕ್ ಎಂಬ ಚಿಂತಕ ಗಟ್ಟಿಯಾಗಿ ಹೇಳಿದ. ನಮ್ಮ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಇಂದಿಗೂ ಅದೇ ರಾಗ. ದೇವರು ಹೋದರೆ ಜಡವೇ ಉಳಿಯಬೇಕೆಂದಿಲ್ಲ; ಲಾಸಲಗಾಂವಿನಿಂದ ಪೂರ್ವಕ್ಕೆ ಹೋಗಿ ಎಲ್ಲೋರ ನೋಡಿ. ಅಲ್ಲಿನ 34 ಗುಹೆಗಳಲ್ಲಿ ಬೌದ್ಧರವು 12, ಜೈನರವು 5, ಉಳಿದ 17 ಹಿಂದೂ ದೇವತೆಗಳವು. ಲೆಕ್ಕ ಸರಿಸಮ! ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ ಕೈಲಾಸವನ್ನು ಕೊರೆಸಿದ ಬೆಟ್ಟದಲ್ಲಿ ಅರ್ಧಪಾಲು, ಜಗತ್ತಿಗೆ ಕರ್ತನಿಲ್ಲ ಎಂದವರದು. ಅವರಲ್ಲಿ ಯಾರೂ ಜಡವಾದಿಗಳಲ್ಲ. ಆ ಪಟ್ಟ ಚಾರ್ವಾಕರಿಗೇ ಇರಲಿ.

ದೇವರಿದ್ದರೆ ಇಚ್ಛೆಯ ಸಮಸ್ಯೆ ಸಲೀಸು ಎಂದೂ ಅಲ್ಲ. ಅವನಿಲ್ಲದೆ ಹುಲ್ಲುಕಡ್ಡಿ ಅಲುಗದು ಅನ್ನುವ ಅಜ್ಜಿಯೇ ಮರುಕ್ಷಣ ಓದಲಿಲ್ಲವೆಂದು ಮೊಮ್ಮಗನಿಗೆ ಬೈಯುತ್ತಾಳೆ. ಮಧ್ವಾಚಾರ್ಯರಂತೂ ಸ್ವತಂತ್ರನೊಬ್ಬನೇ, ಹರಿ ಎಂದುಬಿಟ್ಟರು.

ಆದರೆ ಜಡವಾದ ತಪ್ಪಿಸಿಕೊಂಡ ಮಾತ್ರಕ್ಕೆ ಇಚ್ಛೆ ದಕ್ಕುವುದಿಲ್ಲ. ನಿರೀಶ್ವರ ಸಾಂಖ್ಯವನ್ನೇ ನೋಡಿ: ಪುರುಷ ಚೈತನ್ಯವೇನೋ ಹೌದು, ಮಾಡುವವನಲ್ಲ, ಬರೀ ನೋಡುವವನು. ನಿರ್ಧರಿಸುವ ಬುದ್ಧಿ ಪ್ರಕೃತಿಯ ಪಾಲಿಗೆ ಹೋಯಿತು. ಪುರುಷನೆಂದರೆ ಜಗಲಿಯ ಮೇಲೆ ಕೂತ ನಿವೃತ್ತ ಯಜಮಾನ. ಜೈನರು ಜೀವನಿಗೆ ಕರ್ತೃತ್ವ ಕೊಟ್ಟರು. ಆದರೆ ಅವರ ಕರ್ಮವೇ ಸೂಕ್ಷ್ಮ ಪುದ್ಗಲ, ಜೀವಕ್ಕೆ ಅಂಟುವ ಒಂದು ಬಗೆಯ ಜಡ! ಹಾಗಿದ್ದೂ ನೆಲದಡಿಯ ಗಡ್ಡೆಯಲ್ಲಿ ಅಸಂಖ್ಯ ಜೀವಗಳಿವೆಯೆಂದು ಈರುಳ್ಳಿ ಮುಟ್ಟದ ಜೈನ ಗೃಹಸ್ಥ ದಿನಾ ಊಟದ ಹೊತ್ತಿಗೆ ಇಚ್ಛೆ ಚಲಾಯಿಸುತ್ತಾನೆ. ಹೆಚ್ಚುವಾಗ ಬರುವ ಕಣ್ಣೀರಷ್ಟೇ ಯಾರ ಇಚ್ಛೆಯೂ ಅಲ್ಲ, ಶುದ್ಧ ರಸಾಯನ.

ಬೌದ್ಧರದು ಇನ್ನೂ ದುಸ್ಸಾಹಸ. ದೇವರೂ ಇಲ್ಲ, ಆತ್ಮವೂ ಇಲ್ಲ, ಸಂಕಲ್ಪ ಮಾತ್ರ ಇದೆ, ಸಂಕಲ್ಪವೇ ಕರ್ಮ. ಚಕ್ರ, ಅಚ್ಚು, ನೊಗ ಬಿಟ್ಟರೆ ರಥವೆಲ್ಲಿ ಎಂದು ನಾಗಸೇನ ಭಿಕ್ಷು ರಾಜ ಮಿಲಿಂದನನ್ನು ಕೇಳಿದ್ದು ಆತ್ಮವಿಲ್ಲವೆಂದು ತೋರಿಸಲಿಕ್ಕೇ. ಅಂಬೇಡ್ಕರ್ 1950ರಲ್ಲಿ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಶುರುಮಾಡಿದ ಕಾಲೇಜಿಗೆ ಮಿಲಿಂದನ ಹೆಸರಿದೆ, ಆವರಣಕ್ಕೆ ನಾಗಸೇನನದು.

ಅದಕ್ಕೂ ಮೊದಲು, 1935ರ ಅಕ್ಟೋಬರ್ 13ರಂದು, ಲಾಸಲಗಾಂವಿಗೆ ಹತ್ತಿರದ ಯೇವಲಾದಲ್ಲಿ ಅವರು ಸಾರಿದ್ದು ಗೊತ್ತೇ ಇದೆ: ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ. 1956ರಲ್ಲಿ ನಾಗಪುರದಲ್ಲಿ ಬುದ್ಧನನ್ನು ಆರಿಸಿಕೊಂಡರು. ಹಿಂದಿನ ಜನ್ಮದ ಕರ್ಮವೇ ಈ ಜನ್ಮದ ಕಷ್ಟಕ್ಕೆ ಕಾರಣ ಎಂಬ ಮಾತನ್ನು ಅವರು ಬುದ್ಧನ ಹೆಸರಿನಲ್ಲೂ ಒಪ್ಪಲಿಲ್ಲ. ಆತ್ಮವೇ ಇಲ್ಲದ ಮೇಲೆ ಆರಿಸಿಕೊಂಡವರು ಯಾರು ಎಂದು ಮಿಲಿಂದ ಕೇಳಿಯಾನು. ಯೇವಲಾದಲ್ಲಿ ನೆರೆದಿದ್ದ ಸಾವಿರಾರು ಜನಕ್ಕೆ ಆ ಪ್ರಶ್ನೆ ಅಡ್ಡ ಬಂದಂತೆ ಕಾಣುವುದಿಲ್ಲ.