ಬ್ರೇಕು ತುಳಿದ ಮೇಷ್ಟರು

ಸೈಕಲ್ಲಿನ ಚೈನು ಕಳಚಿದರೆ ದಾರಿಹೋಕರ ಕೈಯಿಂದ ಹಾಕಿಸಿಕೊಂಡು ಮನೆಗೆ ಬರುವ ಜಾತಿ ನನ್ನದು. ಅಂಥವನು 2019ರ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಒಂದು ಕಾರಿಗೆ ಬ್ರೇಕು ಕೂಡಿಸಲು ನೆರವಾದೆನೆಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ.

ಕಾರು ನನ್ನ ಭಾವಮೈದುನನದು, ಕೊಂಡದ್ದಲ್ಲ, ಕಟ್ಟಿದ್ದು. ಆ ದೇಶದಲ್ಲಿ ಇದೊಂದು ಹಳೆಯ ಹುಚ್ಚು. 1957ರಲ್ಲಿ ಲೋಟಸ್ ಕಂಪನಿಯವರು ‘ಸೆವೆನ್’ ಎಂಬ ಪುಟ್ಟ ಕಾರನ್ನು ಬಿಡಿಭಾಗಗಳಾಗಿಯೂ ಮಾರತೊಡಗಿದರು. ಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಖರೀದಿ ತೆರಿಗೆ ಇರಲಿಲ್ಲ. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಲಾಭ ಹೋಯಿತು. ಹುಚ್ಚು ಮಾತ್ರ ಉಳಿಯಿತು. ಚೌಕಟ್ಟು ಮತ್ತು ಮೈತಗಡು ಹೊಸದು. ಎಂಜಿನ್ನು, ಗೇರು, ಬ್ರೇಕು ಯಾವುದಾದರೂ ಮುದಿ ಕಾರಿನವು. ಆ ಮುದಿ ಕಾರನ್ನು ‘ಡೋನರ್’ ಎನ್ನುತ್ತಾರೆ. ದಾನಿ! ದಧೀಚಿಯಾದರೂ ತಾನೇ ಒಪ್ಪಿ ಮೂಳೆ ಕೊಟ್ಟ. ಅಂಗಳದಲ್ಲಿ ಬಿಚ್ಚಿ ಹರಡಿದ್ದ ಫೋರ್ಡ್ ಸಿಯೆರಾವನ್ನು ಯಾರೂ ಒಪ್ಪಿಗೆ ಕೇಳಿದಂತೆ ಕಾಣಲಿಲ್ಲ.

ನಾನು ಹೋದಾಗ ಉಳಿದಿದ್ದುದು ಮಾಸ್ಟರ್ ಸಿಲಿಂಡರಿನ ಕೆಲಸ. ಕಾಲಿನ ತುಳಿತವನ್ನು ಎಣ್ಣೆಯ ಒತ್ತಡವಾಗಿ ಮಾಡಿ ನಾಲ್ಕು ಚಕ್ರಗಳಿಗೂ ಕಳಿಸುವ ಕೊಳವೆ ಅದು. ಒಂದಿಂಚು ಒಳವ್ಯಾಸದ ಬದಲು ಮುಕ್ಕಾಲು ಇಂಚಿನದನ್ನು ಹಾಕಿದರೆ ಅದೇ ತುಳಿತಕ್ಕೆ ಒತ್ತಡ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಆದರೆ ಪೆಡಲು ಅಷ್ಟೇ ಪಟ್ಟು ದೂರ ಹೋಗಬೇಕು. ಲೋಕದಲ್ಲಿ ಯಾವುದೂ ಬಿಟ್ಟಿ ಸಿಕ್ಕುವುದಿಲ್ಲ. ಸಿಯೆರಾದಲ್ಲಿ ಕಾಲಿಗೆ ಬಲ ಕೂಡಿಸುವ ಸರ್ವೋ ಎಂಬ ದೊಡ್ಡ ಡಬ್ಬಿಯೂ ಇತ್ತು. ಇಕ್ಕಟ್ಟಾದ ಈ ಕಾರಿನಲ್ಲಿ ಅದಕ್ಕೆ ಜಾಗವಿಲ್ಲ. ತೂಕ ಹಳೆಯದರ ಸುಮಾರು ಅರ್ಧವಾದ್ದರಿಂದ ಡಬ್ಬಿಯಿಲ್ಲದೆ ನಡೆಯುತ್ತದೆಂದು ಅವನ ಲೆಕ್ಕ. ಪೆಡಲಿನ ಕಡ್ಡಿಗೂ ಒಳಗಿನ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಬಿಡಲು ಅವನು ಅರ್ಧ ದಿನ ಕಳೆದ. ಆ ಸಡಿಲವಿಲ್ಲದಿದ್ದರೆ ಎಣ್ಣೆ ಹಿಂದಿರುಗುವ ಕಿಂಡಿ ತೆರೆಯದೆ, ಕಾಲು ತೆಗೆದರೂ ಬ್ರೇಕು ಹಿಡಿದೇ ಇರುತ್ತದಂತೆ.

ಅನಂತರ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರದೂಡಬೇಕು. ಅದಕ್ಕೆ ಇಬ್ಬರು ಬೇಕು. “ಭಾವ, ಮಾಸ್ಟರಿಗೆ ಮೇಷ್ಟ್ರೇ ಸರಿ, ಕೂತ್ಕೊಳ್ಳಿ” ಎಂದು ನನ್ನನ್ನು ಸೀಟಿನಲ್ಲಿ ಕೂರಿಸಿ ಅವನು ಚಕ್ರದ ಕೆಳಗೆ ತೂರಿದ. “ತುಳೀರಿ.” ತುಳಿದೆ. “ಹಿಡ್ಕೊಳ್ಳಿ.” ಹಿಡಿದೆ. “ಬಿಡಿ.” ಇಪ್ಪತ್ತು ವರ್ಷ ಬೇರೆಯವರಿಗೆ ಪಾಠ ಹೇಳಿದವನಿಗೆ ಅಪ್ಪಣೆ ಪಾಲಿಸುವುದರಲ್ಲಿ ಒಂದು ಸುಖ ಸಿಕ್ಕಿತು. ಉತ್ಸಾಹದಿಂದ ಪ್ರತಿಸಲವೂ ಪೆಡಲನ್ನು ನೆಲ ಮುಟ್ಟುವಷ್ಟು ತುಳಿದೆ. ಸಂಜೆಗೆ ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. ಅವನು ಕುಣಿಯುವುದೊಂದು ಬಾಕಿ.

ಅವನು ಕೈತೊಳೆಯಲು ಹೋದಾಗ ಸುಮ್ಮನೆ ಇನ್ನೊಮ್ಮೆ ಪೆಡಲಿನ ಮೇಲೆ ಕಾಲಿಟ್ಟು ಕೂತಿದ್ದೆ. ಕಾಲು ಮೆಲ್ಲಗೆ ಇಳಿಯತೊಡಗಿತು, ಕೆಸರಿನಲ್ಲಿ ಇಳಿದ ಹಾಗೆ. ಬಿಟ್ಟು ತುಳಿದರೆ ಮತ್ತೆ ಗಟ್ಟಿ. ಒತ್ತಿ ಹಿಡಿದರೆ ಮತ್ತೆ ಇಳಿತ. ಹೊರಗೆ ಎಲ್ಲೂ ಒಂದು ಹನಿ ಎಣ್ಣೆಯಿಲ್ಲ.

ನಾನು ಹೇಳಲಿಲ್ಲ. ಅಲ್ಲಿ ಮನೆಯಲ್ಲಿ ಕಟ್ಟಿದ ಕಾರು ಸರ್ಕಾರದ ಪರೀಕ್ಷೆಯಲ್ಲಿ ಗೆಲ್ಲದೆ ನೋಂದಣಿಯಾಗುವುದಿಲ್ಲ. ಅವನ ಪರೀಕ್ಷೆ ನಾಲ್ಕೇ ದಿನ ದೂರವಿತ್ತು, ಶುಲ್ಕ ಕಟ್ಟಿಯಾಗಿತ್ತು. ಕಾರನ್ನು ತಾನೇ ಓಡಿಸಿಕೊಂಡು ಹೋಗುವವನಿದ್ದ. ಮೂರು ವರ್ಷದ ದುಡಿಮೆಯ ಕೊನೆಯಲ್ಲಿ, ಪಿಸ್ಟನ್ ಎಂಬ ಪದವನ್ನು ಬೆಳಗ್ಗೆಯಷ್ಟೇ ಕಲಿತ ನಾನು ದೋಷ ತೆಗೆಯುವುದೆ? ಊಟದ ಹೊತ್ತಿಗೆ ನನ್ನಾಕೆ, “ಇವನು ಹುಡುಗುಬುದ್ಧಿಯವನು. ನೀವು ಜೊತೆಗಿದ್ದು ನೋಡ್ತಿದೀರಲ್ಲ, ನನಗಷ್ಟು ಧೈರ್ಯ” ಎಂದಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಎರಡಕ್ಕೆ ಎದ್ದು ಅವನ ಬಾಗಿಲು ತಟ್ಟಿದೆ. ಇಬ್ಬರೂ ಸ್ವೆಟರು ತೊಟ್ಟು ಗ್ಯಾರೇಜಿಗೆ ಹೋದೆವು. ಅವನು ಕೂತು ಪೆಡಲೊತ್ತಿ ಮನಸ್ಸಿನಲ್ಲೇ ಎಣಿಸಿದ. ತುಟಿ ಇಪ್ಪತ್ತರ ತನಕ ಅಲುಗಿತು, ಆಮೇಲೆ ನಿಂತಿತು.

ಮರುದಿನ ಸಿಲಿಂಡರು ಬಿಚ್ಚಿ ನನಗೆ ತೋರಿಸಿದ. ಒಳಗೋಡೆ ಸ್ವಲ್ಪ ದೂರ ಕನ್ನಡಿ. ಅದರಾಚೆ ತುಕ್ಕಿನ ಕಜ್ಜಿ. ಬ್ರೇಕೆಣ್ಣೆ ಗಾಳಿಯ ನೀರನ್ನು ಹೀರುತ್ತದೆ, ಆ ನೀರು ಕಬ್ಬಿಣವನ್ನು ತಿನ್ನುತ್ತದೆ. ಇಷ್ಟು ವರ್ಷವೂ ಪಿಸ್ಟನ್ನು ಕನ್ನಡಿಯ ಭಾಗದಲ್ಲಷ್ಟೇ ಓಡಾಡಿಕೊಂಡಿತ್ತು. ಅದು ಎಂದೂ ಹೋಗದಿದ್ದ ಕಡೆಗೆ ಅದನ್ನು ಅಟ್ಟಿದ್ದು, ಅದರ ರಬ್ಬರಿನ ಅಂಚನ್ನು ತುಕ್ಕಿನ ಮೇಲೆ ಹರಿದದ್ದು ನನ್ನ ಕಾಲು.

“ಹಾಗಾದರೆ ಕೆಡಿಸಿದವನು ನಾನೇನಯ್ಯಾ?”

“ಪೆಡಲಿನ ಕೆಳಗೊಂದು ಮರದ ತುಂಡು ಇಡಬೇಕಾಗಿತ್ತು ಭಾವ. ನನಗೆ ಗೊತ್ತಿತ್ತು, ಆತುರದಲ್ಲಿ ಮರೆತೆ” ಎಂದ. ಪರೀಕ್ಷೆ ಮುಂದಕ್ಕೆ ಹೋಯಿತು. ದಾನ ಬಂದದ್ದನ್ನು ಬದಿಗಿಟ್ಟು ಹೊಸ ಸಿಲಿಂಡರನ್ನೇ ಕೊಂಡು ತಂದ. ಈ ಸಲ ಮರದ ತುಂಡಿಟ್ಟು ತುಳಿದವನೂ ನಾನೇ.

ಪರೀಕ್ಷೆಯ ಹೊತ್ತಿಗೆ ನಾನು ಊರಿಗೆ ಬಂದು ತರಗತಿಯಲ್ಲಿದ್ದೆ. ‘ಪಾಸು’ ಎಂಬ ಒಂದೇ ಮಾತಿನ ಸುದ್ದಿ ಮೊಬೈಲಿಗೆ ಬಂತು. ಆ ರಾತ್ರಿ ಎರಡರವರೆಗೆ ಬಾಯಿ ಬಿಡದಿದ್ದ ಸಂಗತಿಯನ್ನು ನನ್ನಾಕೆಗೆ ಈವರೆಗೆ ಹೇಳಿಲ್ಲ. ಅವಳು ಈ ಪುರವಣಿಯನ್ನು ತಪ್ಪದೆ ಓದುತ್ತಾಳೆ.