ಮುದುಕಿಯ ಬೆಳಗಿನ ಗೊಣಗಾಟ

ನಮ್ಮ ಮುದಿ ಪದ್ಮಿನಿ ಕಾರಿಗೆ ಪುಣೆಯ ಡಿಸೆಂಬರ್ ಚಳಿ ಒಗ್ಗದು. ಬೆಳಿಗ್ಗೆ ಚಾಲೂ ಮಾಡಿದೊಡನೆ ಟಕಟಕ ಗೊಣಗಾಟ! "ಎಂಜಿನ್ ಬಿಚ್ಚಬೇಕು, ಇಲ್ಲವೇ ಗುಜರಿಗೆ ಹಾಕಿ" ಎಂದರು ಗ್ಯಾರೇಜಿನವರು. 2001ರ ಹೊತ್ತಿಗೆ ತಯಾರಿಕೆಯೇ ನಿಂತ ಗಾಡಿ ನಿಜ. ಆದರೂ ತೀರ್ಪಿಗೆ ಮುನ್ನ ವಿಚಾರಣೆ ಬೇಡವೇ?

ಎಣ್ಣೆಯ ಮಟ್ಟ ಸರಿಯಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಫ್ಯಾನಿನಿಂದ ದೂರ ನಿಂತು ಆಲಿಸಿದೆ. ಕೆಳಗಿನಿಂದ ಭಾರವಾಗಿ ಬಡಿದು, ಬಿಸಿಯೇರಿದರೂ ನಿಲ್ಲದಿದ್ದರೆ ಬೇರಿಂಗ್ ಸವೆದಿರಬಹುದು. ಕೀರಲು ದನಿಯಾದರೆ ಬೆಲ್ಟು. ನಮ್ಮದು ಮೇಲಿನ ಟ್ಯಾಪೆಟ್ಟುಗಳ ಹಗುರ ಸದ್ದು. ರಾತ್ರಿ ಕೆಳಗಿಳಿದ ಎಣ್ಣೆ ಮೇಲೇರಿದಂತೆ ಅದೂ ಇಳಿಯುತ್ತಿತ್ತು. ಫೀಲರ್ ಗೇಜಿನಿಂದ ಅಳೆದು, ಹಿಗ್ಗಿದ ಸಂದನ್ನು ಸರಿಪಡಿಸಿದ್ದಷ್ಟೇ; ಗೊಣಗಾಟ ಅಡಗಿತು.

ಮುಪ್ಪಿನ ನರಳಿಕೆಯೆಲ್ಲ ಕೊನೆಯುಸಿರಲ್ಲ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂದು ವಿಚಾರಿಸುವವರು ಬೇಕು, ಅಷ್ಟೆ.