ಆಗುಂಬೆ ಏರುವ ಕಾರಿನ ಉಸಿರು

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನೀವು ಈಗ ರಜೆ ಬಂತೆಂದರೆ ನಿಮ್ಮದೇ ಕಾರಿನಲ್ಲಿ ಊರಿಗೆ ಹೊರಡುತ್ತೀರಿ. ಅಪ್ಪ ಪಕ್ಕದ ಸೀಟಿನಲ್ಲಿ, ಅಮ್ಮ ಮತ್ತು ಅಜ್ಜಿ ಹಿಂದೆ, ಡಿಕ್ಕಿಯ ತುಂಬ ಗಂಟುಮೂಟೆ. ಉಡುಪಿಯವರೆಗಿನ ಸುಮಾರು 900 ಕಿ.ಮೀ. ಹೆದ್ದಾರಿ ಕಾರಿಗೆ ದೊಡ್ಡ ಪರೀಕ್ಷೆಯೇನಲ್ಲ. ಆದರೆ ಅಲ್ಲಿಂದ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕಾದವರು ಆಗುಂಬೆ ಘಾಟಿ ಹತ್ತಬೇಕು. ಆ ಘಾಟಿಯನ್ನು ನಿಮಗೆ ಪರಿಚಯಿಸುತ್ತ, ದಾರಿಯಲ್ಲಿ ಒಮ್ಮೆ ಬಾನೆಟ್ ಎತ್ತಿಯೂ ನೋಡೋಣ ಎಂದುಕೊಂಡಿದ್ದೇನೆ. ಏಕೆಂದರೆ ಕಂಪನಿಯವರು ಕೊಟ್ಟ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು ಬಿಸುಟು, ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿಸುವ ಹುಮ್ಮಸ್ಸು ನಿಮ್ಮಲ್ಲಿ ಹಲವರಿಗಿದೆ. ಅದರ ಒಳಿತು ಕೆಡುಕನ್ನು ಆಗುಂಬೆಯಷ್ಟು ಸ್ಪಷ್ಟವಾಗಿ ಹೇಳುವ ಗುರು ಸಿಗುವುದು ಕಷ್ಟ.

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ಮಣಿಪಾಲ ದಾಟಿ ಹೆಬ್ರಿಗೆ ಬರುವಷ್ಟರಲ್ಲಿ ಗದ್ದೆ, ತೆಂಗು, ಅಡಿಕೆ ತೋಟಗಳು ಹಿಂದೆ ಸರಿದು ಕಾಡು ಶುರುವಾಗುತ್ತದೆ. ಸೀತಾನದಿಯ ನೆರಳಿನ ದಾರಿಯಲ್ಲಿ ಸೋಮೇಶ್ವರ ತಲುಪಿದರೆ ಎದುರಿಗೆ ಸಹ್ಯಾದ್ರಿ ಗೋಡೆಯಂತೆ ನಿಂತಿರುತ್ತದೆ. ಇಲ್ಲಿಂದ 14 ಹೇರ್‌ಪಿನ್ ತಿರುವುಗಳು. ದೊಡ್ಡ ಬಸ್ಸುಗಳು ತಿರುಗಲಾರದಷ್ಟು ಇಕ್ಕಟ್ಟಾದ್ದರಿಂದ ಇಲ್ಲಿ ಓಡಾಡುವುದು ಮಿನಿ ಬಸ್ಸುಗಳು. ಮರದ ಮೇಲೆ ಸಿಂಗಳೀಕ ಕಂಡರೆ ನಿಮ್ಮ ಅದೃಷ್ಟ. ಆದರೆ ಸ್ಟೀರಿಂಗ್ ಹಿಡಿದವರು ಮಾತ್ರ ರಸ್ತೆಯನ್ನೇ ನೋಡಬೇಕು!

ಇಂಥ ತಿರುವಿನಲ್ಲಿ ಕಾರಿಗೆ ಏನಾಗುತ್ತದೆ, ಗಮನಿಸಿ. ವೇಗ ನಡಿಗೆಯ ಮಟ್ಟಕ್ಕೆ ಇಳಿಯುತ್ತದೆ, ಎಂಜಿನ್ ನಿಮಿಷಕ್ಕೆ 1,500ರಿಂದ 2,000 ಸುತ್ತು ಮಾತ್ರ ತಿರುಗುತ್ತಿರುತ್ತದೆ. ಅಷ್ಟರಲ್ಲೇ ಅದು ಐದು ಜನರನ್ನು ಮೇಲಕ್ಕೆ ಎಳೆಯಬೇಕು. ಮೆಕ್ಯಾನಿಕ್‌ಗಳು 'ಪುಲ್ಲಿಂಗ್' ಎನ್ನುತ್ತಾರಲ್ಲ, ಆ ಕೆಳಮಟ್ಟದ ಟಾರ್ಕ್ ಇಲ್ಲಿ ಬೇಕು. ಹೆದ್ದಾರಿಯಲ್ಲಿ 5,000 ಸುತ್ತಿನಲ್ಲಿ ಸಿಗುವ ಹೆಚ್ಚುವರಿ ಶಕ್ತಿಯಿಂದ ಇಲ್ಲಿ ಮೂರು ಕಾಸಿನ ಪ್ರಯೋಜನವಿಲ್ಲ.

ನನ್ನ ಅಕ್ಕನ ಮಗ ಒಂದು ಮೇ ತಿಂಗಳಲ್ಲಿ ಹೀಗೆಯೇ ತೆರೆದ ಫಿಲ್ಟರ್ ಹಾಕಿಸಿದ ಸಣ್ಣ ಪೆಟ್ರೋಲ್ ಕಾರಿನಲ್ಲಿ ನಮ್ಮನ್ನೆಲ್ಲ ಕರೆತಂದಿದ್ದ. "ಚಿಕ್ಕಮ್ಮ, ಸೌಂಡ್ ಕೇಳಿದಿರಾ?" ಎಂದು ಹೆದ್ದಾರಿಯುದ್ದಕ್ಕೂ ಹಿಗ್ಗಿದ್ದ. ಘಾಟಿಯ ಒಂದು ತಿರುವಿನಲ್ಲಿ ಮುಂದಿದ್ದ ಮಿನಿ ಬಸ್ಸು ನಿಂತಿತು, ನಾವೂ ನಿಂತೆವು. ಮತ್ತೆ ಹೊರಡುವಾಗ ಕಾರು ಗರ್ಜಿಸಿತೇ ಹೊರತು ಮುಂದೆ ಸರಿಯಲಿಲ್ಲ. ಹಿಂದಕ್ಕೆ ಒಂದು ಮೊಳ ಜಾರಿತು. ಹಿಂದಿದ್ದ ಜೀಪಿನವನು ಹಾರ್ನ್ ಒತ್ತಿದ, ಅಕ್ಕನ ಅತ್ತೆಯವರು ದೇವರ ಹೆಸರು ಹೇಳತೊಡಗಿದರು. ಕೈಬ್ರೇಕ್ ಎಳೆದು, ಎ.ಸಿ. ಆರಿಸಿ, ಕ್ಲಚ್ ಸುಟ್ಟ ವಾಸನೆಯ ನಡುವೆ ಹೇಗೋ ಹತ್ತಿದೆವು. ಹುಡುಗನ ಮುಖ ಬಿಳಿಚಿಕೊಂಡಿತ್ತು. ಮುಂಬಯಿಗೆ ಮರಳಿದ ಮೇಲೆ ಅವನೇ ಕುಳಿತು ಕಾರಣಗಳನ್ನು ಹುಡುಕಿ ನನಗೂ ವಿವರಿಸಿದ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಲೆಕ್ಕ. 1.2 ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. 6,000 ಸುತ್ತಿನಲ್ಲಿ ಅದಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 60 ಲೀಟರ್ ಗಾಳಿ ಬೇಕು, 2,000 ಸುತ್ತಿನಲ್ಲಿ 20 ಲೀಟರ್ ಸಾಕು. ಕಂಪನಿಯ ಫಿಲ್ಟರನ್ನು ಆ 60 ಲೀಟರಿಗೆ ಹೊಂದುವಂತೆ ಮಾಡಿರುತ್ತಾರೆ. ಹಾಗಿರುವಾಗ ಘಾಟಿಯ 20 ಲೀಟರಿಗೆ ಅದು ಅಡ್ಡಿಯಾಗುವುದು ಹೇಗೆ? ಇಲ್ಲದ ಅಡ್ಡಿಯನ್ನು ತೆಗೆದರೆ ಲಾಭವೂ ಇಲ್ಲ.

ಎರಡನೆಯದು ಬಿಸಿ. ಕಂಪನಿಯ ಪೆಟ್ಟಿಗೆ ಸಾಮಾನ್ಯವಾಗಿ ಮುಂಭಾಗದ ಜಾಲರಿಯ ಕಡೆಯಿಂದ ತಂಪು ಗಾಳಿ ತರುತ್ತದೆ. ತೆರೆದ ಫಿಲ್ಟರ್ ಬಾನೆಟ್‌ನೊಳಗಿನ ಕಾದ ಗಾಳಿಯನ್ನೇ ಕುಡಿಯುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿ ಬಾನೆಟ್ಟನ್ನು ತಣಿಸುತ್ತದೆ, ನಿಧಾನವಾಗಿ ಏರುವ ಘಾಟಿಯಲ್ಲಿ ಆ ಅನುಕೂಲವಿಲ್ಲ. ಗಾಳಿ 32 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇಕಡಾ 8ರಷ್ಟು ಕುಸಿಯುತ್ತದೆ. ಅಷ್ಟೇ ಆಮ್ಲಜನಕವೂ ಕಡಿಮೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಆ ಎತ್ತರವೇ ಗಾಳಿಯನ್ನು ಶೇಕಡಾ 6ರಷ್ಟು ತೆಳುವಾಗಿಸುತ್ತದೆ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿಗೆ ಬೆಟ್ಟ ಕಸಿದುಕೊಳ್ಳುವುದು ಸಾಲದೆಂದು ನಾವೂ ಕಸಿಯಬೇಕೇ?

ಮೂರನೆಯದು ಕೊಳವೆಯ ಅಳತೆ. ಮಲೆನಾಡಿನ ಹಳೆಯ ಅಡುಗೆಮನೆಯಲ್ಲಿ ಊದುಗೊಳವೆ ನೋಡಿದ್ದೀರಾ? ಬಾಯಿಂದ ಹಾಗೆಯೇ ಊದಿದರೆ ಬೂದಿ ಹಾರುತ್ತದೆ. ಅದೇ ಉಸಿರು ಕಿರಿದಾದ ಕೊಳವೆಯಲ್ಲಿ ಹೋದರೆ ರಭಸದಿಂದ ಕೆಂಡಕ್ಕೇ ತಾಗುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಗೂ ಇಂಥದೇ ರಭಸ ಬೇಕು. ಕಡಿಮೆ ಸುತ್ತಿನಲ್ಲಿ ಗಾಳಿಯ ಪ್ರಮಾಣ ಕಡಿಮೆ, ಕೊಳವೆ ಅತಿ ಅಗಲವಾದರೆ ರಭಸ ಸತ್ತುಹೋಗುತ್ತದೆ. ಇನ್ನೊಂದು ಸಂಗತಿಯಿದೆ. ಕವಾಟ ಮುಚ್ಚಿದಾಗ ಗಾಳಿಯಲ್ಲಿ ಒತ್ತಡದ ಅಲೆ ಎದ್ದು ಕೊಳವೆಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಕವಾಟ ಮತ್ತೆ ತೆರೆಯುವ ಹೊತ್ತಿಗೆ ಸರಿಯಾಗಿ ಅಲೆ ಮರಳಿದರೆ ಒಂದಿಷ್ಟು ಹೆಚ್ಚು ಗಾಳಿ ಒಳಗೆ ನುಗ್ಗುತ್ತದೆ. ಉದ್ದ ಕೊಳವೆ ನಿಧಾನ ಸುತ್ತಿಗೆ ಹೊಂದುತ್ತದೆ, ಗಿಡ್ಡ ಕೊಳವೆ ವೇಗದ ಸುತ್ತಿಗೆ. ಇದರ ಬಹುಪಾಲು ಕೆಲಸ ಥ್ರಾಟಲ್ ದಾಟಿದ ಮೇಲಿನ ಕವಲು ಕೊಳವೆಗಳದು. ಆದರೂ ಫಿಲ್ಟರಿನಿಂದ ಅಲ್ಲಿಯವರೆಗಿನ ಕೊಳವೆ, ಪಕ್ಕದಲ್ಲಿ ಅಂಟಿಕೊಂಡಿರುವ ಖಾಲಿ ಡಬ್ಬಿ ಇವನ್ನೂ ಅಳೆದೇ ಕೂರಿಸಿರುತ್ತಾರೆ. 'ರೆಸೊನೇಟರ್' ಎನ್ನುವ ಆ ಡಬ್ಬಿಯ ಮುಖ್ಯ ಕೆಲಸ ಶಬ್ದ ತಗ್ಗಿಸುವುದು. ಕೆಲವು ಎಂಜಿನ್‌ಗಳಲ್ಲಿ ಅದು ಎಳೆತಕ್ಕೂ ನೆರವಾಗುತ್ತದೆ. ಅದನ್ನು ಕಿತ್ತಾಗ ಕೇಳುವ ಗರ್ಜನೆ ಶಕ್ತಿಯಲ್ಲ, ಬರೀ ಸದ್ದು.

ಹಾಗಾದರೆ ಏನನ್ನೂ ಮಾಡಬಾರದೇ? ಹಾಗಲ್ಲ. ಪೆಟ್ಟಿಗೆಯನ್ನು ಅದರ ಜಾಗದಲ್ಲೇ ಬಿಟ್ಟು, ಒಳಗೆ ಅದೇ ಅಳತೆಯ ಉತ್ತಮ ಚಪ್ಪಟೆ ಫಿಲ್ಟರ್ ಹಾಕಿಸಿ. ಎಣ್ಣೆ ಸವರುವ ಬಗೆಯದಾದರೆ ಎಣ್ಣೆ ಅತಿಯಾಗದಿರಲಿ, ಗಾಳಿ ಅಳೆಯುವ ಸೆನ್ಸರಿಗೆ ಅಂಟಿದರೆ ಅದು ತಪ್ಪು ಲೆಕ್ಕ ಕೊಡುತ್ತದೆ. ಕೊಳವೆಯ ಉದ್ದ, ಅಗಲ ಬದಲಿಸಬೇಡಿ. ಕ್ಲಿಪ್ಪು, ಬಿರುಕು ಪರೀಕ್ಷಿಸಿ. ತಂಪು ಗಾಳಿಯ ಬಾಯಿಗೆ ಎಲೆ, ಕಸ ಕಟ್ಟಿಕೊಂಡಿದ್ದರೆ ತೆಗೆಯಿರಿ. ಮಾಡಿದ ಬದಲಾವಣೆ ಫಲಿಸಿತೇ ಎಂದು ಕಿವಿಯನ್ನು ಕೇಳಬೇಡಿ, ಗಡಿಯಾರವನ್ನು ಕೇಳಿ. ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ 1,500ರಿಂದ 3,000 ಸುತ್ತಿಗೆ ಏರಲು ಎಷ್ಟು ಸೆಕೆಂಡು ಬೇಕು ಎಂಬುದನ್ನು, ಬದಲಾವಣೆಗೆ ಮುಂಚೆ ಮತ್ತು ನಂತರ, ಪಕ್ಕದಲ್ಲಿ ಕುಳಿತವರು ಅಳೆಯಲಿ. ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆಯನ್ನು ಮೊಬೈಲಿನಲ್ಲಿ ತೋರಿಸುವ ಸಣ್ಣ ಸಾಧನವೂ ಈಗ ಸಿಗುತ್ತದೆ.

ತಂಪು ಗಾಳಿಗೆಂದು ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವವರೂ ಇದ್ದಾರೆ. ಅವರಿಗೆ ಆಗುಂಬೆಯ ಮಳೆಯ ನೆನಪು ಮಾಡಬೇಕು. ಇಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ರಸ್ತೆಯ ಮೇಲೆ ಹರಿಯುವ ನೀರನ್ನು ಫಿಲ್ಟರ್ ಎಳೆದುಕೊಂಡರೆ ಸಿಲಿಂಡರಿಗೆ ನೀರು ಸೇರುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ನಿನ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಇನ್ನು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ವಿಮೆ, ವಾರಂಟಿಗಳ ಕಾಗದವನ್ನೂ ಮೊದಲೇ ಓದಿಕೊಳ್ಳಿ.

ಮರುವರ್ಷ ಅಕ್ಕನ ಮಗ ಹಳೆಯ ಪೆಟ್ಟಿಗೆಯನ್ನೇ ಕೂರಿಸಿಕೊಂಡು ಬಂದ. ತಿರುವಿಗೆ ಮುಂಚೆಯೇ ಗೇರು ಇಳಿಸಿ, ನಿಂತಲ್ಲಿ ಕೈಬ್ರೇಕ್ ಹಿಡಿದು, ಹದವಾಗಿ ಹತ್ತಿಸಿದ. ಅವರ ಅಜ್ಜಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕೇ?

ಮೇಲೆ ತಲುಪಿದ ಮೇಲೆ ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿ. ಆಕಾಶ ತಿಳಿಯಾಗಿದ್ದರೆ ದೂರದ ಅರಬೀ ಸಮುದ್ರ ಕಾಣುತ್ತದೆ. ಆಗುಂಬೆಯ ಬೀದಿಯಲ್ಲೂ ಒಮ್ಮೆ ಅಡ್ಡಾಡಿ. 1980ರ ದಶಕದಲ್ಲಿ ಶಂಕರನಾಗ್ ಅವರು ಆರ್.ಕೆ. ನಾರಾಯಣರ 'ಮಾಲ್ಗುಡಿ ಡೇಸ್' ಕತೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದ್ದು ಇಲ್ಲಿಯೇ. ಮರಳಿ ಘಾಟಿ ಇಳಿಯುವಾಗ ಇಕ್ಕಟ್ಟಾದ ಕಡೆ ಏರುವ ಗಾಡಿಗೆ ದಾರಿ ಬಿಡಿ. ಅದು ಕಾನೂನು. ಅದಕ್ಕಿಂತ ಹೆಚ್ಚಾಗಿ, ಏರುದಾರಿಯಲ್ಲಿ ನಿಂತ ಕಾರಿಗೆ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂಬುದು ಈಗ ನಿಮಗೂ ತಿಳಿದಿದೆಯಲ್ಲ!